ನೌನೋ ವರ್ಬೋ? ಎಲ್ಲ ‘ಮಾಡು’ ಮಾಡಿದ ಎಡವಟ್ಟು

ಪ್ರಶ್ನೆ: ನೌನ್, ವರ್ಬ್, ಅಡ್ಜೆಕ್ಟಿವ್ ಎಲ್ಲದರ ವ್ಯಾಖ್ಯಾನ ನನಗೆ ಬಾಯಿಪಾಠ. ಆದರೂ ಆಫೀಸಿನ ಮೇಲ್‌ನಲ್ಲಿ ‘ವಿ ಡಿಸ್ಕಸ್ಡ್ ಅಬೌಟ್ ದಿ ಇಶ್ಯೂ’ ಅಂತ ಬರೆದರೆ ಮೇಲಿನವರು ‘ಅಬೌಟ್’ ಹೊಡೆದುಹಾಕಿದರು. ‘ಡಿಸ್ಕಷನ್ ಅಬೌಟ್’ ಮಾತ್ರ ಸರಿಯಂತೆ. ಏನಿದು?

ಉತ್ತರ: ಹೊಡೆದುಹಾಕಿದ್ದು ಸರಿಯೇ. ವ್ಯಾಖ್ಯಾನ ಬಿಡಿ, ಎಡವಟ್ಟು ಇರೋದು ನಮ್ಮ ‘ಮಾಡು’ವಿನಲ್ಲಿ. ಸಿಕ್ಕ ಇಂಗ್ಲಿಷ್ ಪದಕ್ಕೆಲ್ಲ ಅದನ್ನು ಅಂಟಿಸಿಬಿಡುತ್ತೇವೆ. ಡಿಸ್ಕಸ್ ಮಾಡಿದೆವು, ಡಿಸ್ಕಷನ್ ಮಾಡಿದೆವು, ಎರಡೂ ನಡೆಯುತ್ತೆ ಅಲ್ವಾ? ಕ್ರಿಯಾಪದದ ಕೆಲಸವನ್ನೆಲ್ಲ ‘ಮಾಡು’ ಹೊತ್ತುಕೊಳ್ಳುತ್ತದೆ, ಹಾಗಾಗಿ ಅದಕ್ಕೆ ಅಂಟಿದ ಪದ ನಾಮಪದವೋ ಕ್ರಿಯಾಪದವೋ ಅಂತ ನಾವು ತಲೆ ಕೆಡಿಸಿಕೊಳ್ಳೋದೇ ಇಲ್ಲ, ಮತ್ತೆ ‘ಇದರ ಬಗ್ಗೆ ಡಿಸ್ಕಸ್ ಮಾಡಿದೆವು’ ಅನ್ನುವಾಗಿನ ‘ಬಗ್ಗೆ’ ಸುಮ್ನೆ ‘ಅಬೌಟ್’ ಆಗಿ ಇಂಗ್ಲಿಷಿಗೂ ನುಸುಳುತ್ತದೆ.

ಇಂಗ್ಲಿಷಿನ ‘ಡಿಸ್ಕಸ್’ ತಾನೇ ಕ್ರಿಯಾಪದ. ವಿಷಯ ಅದರ ಪಕ್ಕಕ್ಕೇ ಬರಬೇಕು: ‘ವಿ ಡಿಸ್ಕಸ್ಡ್ ದಿ ಇಶ್ಯೂ’. ‘ಡಿಸ್ಕಷನ್’ ನಾಮಪದ, ಮಧ್ಯೆ ಒಂದು ಕೊಂಡಿ ಬೇಕು: ‘ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದಿ ಇಶ್ಯೂ’. ‘ಎಂಫಸೈಸ್’ಗೆ ‘ಆನ್’ ಬೇಡ, ‘ಎಂಫಸಿಸ್’ಗೆ ಬೇಕು. ‘ರಿಕ್ವೆಸ್ಟ್’ ಇನ್ನೂ ತರಲೆ, ಎರಡಕ್ಕೂ ಒಂದೇ ರೂಪ! ‘ಐ ರಿಕ್ವೆಸ್ಟೆಡ್ ಎ ಕಾಪಿ’ ಅನ್ನುವಾಗ ‘ಫಾರ್’ ಬೇಡ, ‘ಮೈ ರಿಕ್ವೆಸ್ಟ್ ಫಾರ್ ಎ ಕಾಪಿ’ ಅನ್ನುವಾಗ ಬೇಕು. ಗೊಂದಲವಾದರೆ ಪದದ ಹಿಂದೆ ‘ಎ’, ‘ದ’, ‘ಮೈ’ ಇದೆಯಾ ನೋಡಿ. ಅಲ್ಲಿ ಬರುವ ಒಂಟಿ ಪದ ಸಾಮಾನ್ಯವಾಗಿ ನಾಮಪದವೇ.

ಪ್ರಶ್ನೆ: ‘ಹಿ ಗೇವ್ ಮಿ ಮೆನಿ ಅಡ್ವೈಸಸ್’ ತಪ್ಪಾ?

ಉತ್ತರ: ತಪ್ಪು. ‘ಮರಳುಗಳು’ ಅಂತ ಯಾರಾದರೂ ಅಂತಾರಾ? ಹಾಗೇ ಅಡ್ವೈಸ್, ಇನ್ಫರ್ಮೇಷನ್, ಲಗೇಜ್, ಫರ್ನಿಚರ್ ಇವಕ್ಕೆ ಬಹುವಚನ ಇಲ್ಲ. ಕುರ್ಚಿ ಎಣಿಸಬಹುದು, ಫರ್ನಿಚರ್ ಎಣಿಸಬಾರದು ಅನ್ನೋದು ನನಗಂತೂ ಯಾವತ್ತೂ ನ್ಯಾಯ ಅನಿಸಿಲ್ಲ, ಆದರೆ ನಿಯಮ ಅದೇ. ‘ಎ ಲಾಟ್ ಆಫ್ ಅಡ್ವೈಸ್’ ಅಂತ ಬರೆಯಿರಿ. ಅಂದಹಾಗೆ ನಾಮಪದ ‘ಅಡ್ವೈಸ್’ನ ಕೊನೆಯ ಸದ್ದು ‘ಬಸ್’ನಲ್ಲಿ ಬರುವಂಥದ್ದು, ಸ್ಪೆಲ್ಲಿಂಗ್‌ನಲ್ಲಿ ‘ಸಿ’. ಸಲಹೆ ಕೊಡು ಅನ್ನುವ ಕ್ರಿಯಾಪದಕ್ಕೆ ‘ಎಸ್’ ಬರೆದು, ‘ಝೂ’ ಅನ್ನುವಾಗ ಬರುವ ಗುಂಯ್ ಅನ್ನೋ ಸದ್ದು ಹೊರಡಿಸಬೇಕು. ಸರಿಯಾಗಿ ಹೇಳಿ ರೂಢಿಯಾದರೆ ಸ್ಪೆಲ್ಲಿಂಗೂ ತಪ್ಪಲ್ಲ.

ಪ್ರಶ್ನೆ: ಡಿಕ್ಷನರಿಯಲ್ಲಿ ‘ವಾಟರ್’ಗೆ ನೌನ್, ವರ್ಬ್ ಎರಡೂ ಅಂತ ಇದೆ. ಯಾವುದು ಸರಿ?

ಉತ್ತರ: ಎರಡೂ. ಕನ್ನಡದಲ್ಲಿ ನೀರನ್ನು, ನೀರಿಗೆ, ನೀರಿನಲ್ಲಿ ಅಂತ ಪದದ ಕೆಲಸ ಬಾಲದಲ್ಲೇ ಕಾಣುತ್ತದೆ. ಇಂಗ್ಲಿಷಿನಲ್ಲಿ ಪದ ಕೂತ ಜಾಗ ನೋಡಬೇಕು. ‘ಡ್ರಿಂಕ್ ವಾಟರ್’ನಲ್ಲಿ ಅದು ನಾಮಪದ, ‘ವಾಟರ್ ದ ಪ್ಲಾಂಟ್ಸ್’ನಲ್ಲಿ ನೀರು ಹಾಕು ಅನ್ನುವ ಕ್ರಿಯಾಪದ. ಕೆಲವು ಪದ ಜಾಗದ ಜೊತೆ ಉಚ್ಚಾರಣೆಯನ್ನೂ ಬದಲಿಸುತ್ತವೆ: ನಾಮಪದ ‘ರೆಕಾರ್ಡ್’ನಲ್ಲಿ ಒತ್ತು ‘ರೆ’ ಮೇಲೆ, ಕ್ರಿಯಾಪದವಾದರೆ ‘ರಿಕಾರ್ಡ್’, ಒತ್ತು ‘ಕಾ’ ಮೇಲೆ. ‘ಆಬ್ಜೆಕ್ಟ್’ದೂ ಇದೇ ಕಥೆ. ‘ವಾಟರ್’ಗೆ ಮಾತ್ರ ಈ ರಗಳೆ ಇಲ್ಲ.