ಮೆಲ್ಬರ್ನ್‌ಗೆ ಬಂದಿರುವ ಅಪ್ಪ ಅಮ್ಮನನ್ನು ಒಂದೇ ದಿನದಲ್ಲಿ ವಿಲ್ಸನ್ಸ್ ಪ್ರಾಮಂಟರಿ ರಾಷ್ಟ್ರೀಯ ಉದ್ಯಾನ ಸುತ್ತಿಸಿಕೊಂಡು ಬರಬಹುದೇ? ಅಪ್ಪನಿಗೆ ಮಂಡಿ ನೋವಿದೆ.

ಬರಬಹುದು. ಆದರೆ ಕಾರಲ್ಲೇ ಆರು ಗಂಟೆ ಹೋಗುತ್ತದೆ. ಮೆಲ್ಬರ್ನ್‌ನಿಂದ ಪಾರ್ಕಿನೊಳಗೆ ಉಳಿಯುವ ಜಾಗವಾದ ಟೈಡಲ್ ರಿವರ್‌ಗೆ ಸುಮಾರು 220 ಕಿ.ಮೀ. ಪಾರ್ಕಿನ ಗೇಟು ಬಂತು ಅಂತ ಖುಷಿಪಡಬೇಡಿ, ಅಲ್ಲಿಂದ ಇನ್ನೂ 30 ಕಿ.ಮೀ. ಇದೆ.

ನಮ್ಮ ಅತ್ತೆ ಮಾವ ಬಂದಿದ್ದಾಗ ನಾನೂ ಒಂದು ದಿನದ ಪ್ಲಾನ್ ಹಾಕಿದ್ದೆ. ಅದೂ ಜೂನ್‌ನಲ್ಲಿ. ಐದೂಕಾಲಿಗೆಲ್ಲ ಕತ್ತಲು. ಸ್ಕ್ವೀಕಿ ಬೀಚಿನ ಮರಳು ಕಾಲಿಟ್ಟರೆ ಕೀಚ್ ಕೀಚ್ ಅನ್ನುತ್ತದೆ ಅಂತ ದಾರಿಯುದ್ದಕ್ಕೂ ಹೇಳಿದ್ದೆ. ಮಳೆ ಬಂದು ಎಲ್ಲ ಒದ್ದೆ, ಸದ್ದೇ ಇಲ್ಲ! ಅಲ್ಲಿಯದು ದುಂಡನೆಯ, ನಯವಾದ ಕ್ವಾರ್ಟ್ಸ್ ಕಣಗಳ ಬಿಳಿ ಮರಳು. ಒಣಗಿದ್ದರೆ ಮಾತ್ರ ಹಾಡುತ್ತದೆ. ಮುಂದೆ ಮಾರ್ಚ್‌ನಲ್ಲಿ ಮತ್ತೆ ಕರೆದುಕೊಂಡು ಹೋದೆ, ಒಂದು ರಾತ್ರಿ ಉಳಿದೆವು. ಅತ್ತೆ ಚಪ್ಪಲಿ ಕೈಯಲ್ಲಿ ಹಿಡಿದು, ಚಿಕ್ಕ ಹುಡುಗಿ ತರ ಕಾಲು ಎಳೆದುಕೊಂಡು ಹಿಂದೆ ಮುಂದೆ ನಡೆದಿದ್ದೇ ನಡೆದಿದ್ದು. ಹಾಗಾಗಿ ನೀವೂ ಉಳಿಯಿರಿ. ಕ್ರಿಸ್‌ಮಸ್ ಸಮಯದಲ್ಲಿ ಮಾತ್ರ ಜಾಗಕ್ಕೆ ಲಾಟರಿ ಎತ್ತುತ್ತಾರೆ, ಅದನ್ನು ತಪ್ಪಿಸಿ.

ಮಂಡಿ ನೋವಿದ್ದರೆ ಮೌಂಟ್ ಓಬರಾನ್ ಬೇಡ. 558 ಮೀಟರ್ ಬೆಟ್ಟ, ಸುಮಾರು ಮೂರೂವರೆ ಕಿ.ಮೀ. ಏರು, ಕೊನೆಗೆ ಕಲ್ಲಿನ ಮೆಟ್ಟಿಲು. ನೀವೊಬ್ಬರೇ ಬೆಳಗ್ಗೆ ಬೇಗ ಹತ್ತಿ ಬನ್ನಿ.

ಅವರನ್ನು ಲಿಲ್ಲಿ ಪಿಲ್ಲಿ ಗಲಿ ಎಂಬ ಕಣಿವೆಯ ಕಾಲುದಾರಿಗೆ ಕರೆದುಕೊಂಡು ಹೋಗಿ. ಹೋಗಿ ಬರಲು ಐದು ಕಿ.ಮೀ. ಚಿಲ್ಲರೆ, ಏರು ಕಡಿಮೆ. ಸುಸ್ತಾದರೆ ಅರ್ಧಕ್ಕೇ ತಿರುಗಿದರಾಯಿತು. ಜರೀಗಿಡ ತುಂಬಿದ ತಂಪು ಕಾಡು. ಲಿಲ್ಲಿ ಪಿಲ್ಲಿ ನಮ್ಮ ನೇರಳೆಯ ಜಾತಿಯ ಮರ. ಇದನ್ನು ಹೇಳಿದ ಮೇಲೆ ಮಾವ ಪ್ರತಿ ಮರದ ಎಲೆಯನ್ನೂ ಬಗ್ಗಿ ನೋಡತೊಡಗಿದರು, ನಡಿಗೆ ಇನ್ನೂ ನಿಧಾನವಾಯಿತು!

ಟೈಡಲ್ ರಿವರ್ ಅನ್ನುವ ಅಲ್ಲಿನ ಹೊಳೆಯ ನೀರು ಡಿಕಾಕ್ಷನ್ ಬಣ್ಣಕ್ಕಿರುತ್ತದೆ. ಕೊಳಕಲ್ಲ, ಟೀ ಟ್ರೀ ಎಂಬ ಕಾಡುಗಿಡಗಳ ಒಗರು ಇಳಿದು ಹಾಗಾಗಿರುವುದು.

ಪೆಟ್ರೋಲ್ ದಾರಿಯಲ್ಲಿ ಸಿಗುವ ಫಾಸ್ಟರ್ ಊರಲ್ಲೇ ಹಾಕಿಸಿಕೊಳ್ಳಿ. ಸಂಜೆ ಮೇಲೆ ಕಾರು ನಿಧಾನಕ್ಕೆ ಓಡಿಸಿ, ಕಾಂಗರೂ, ವಾಂಬ್ಯಾಟ್ (ಪುಟ್ಟ ಕರಡಿಯಂಥ, ಬಿಲ ತೋಡುವ ಪ್ರಾಣಿ) ರಸ್ತೆಗೆ ಬರುತ್ತವೆ. ಟೆಂಟಿನಲ್ಲಿ ಉಳಿದರೆ ಚಕ್ಕುಲಿ ಡಬ್ಬ ಕಾರಲ್ಲೇ ಇಡಿ. ವಾಸನೆ ಹಿಡಿದರೆ ವಾಂಬ್ಯಾಟ್ ಟೆಂಟು ಹರಿದೇ ಒಳಗೆ ಬರುತ್ತದೆ.