ನಮಗೆ ಕನ್ನಡ ಬಂದದ್ದು ಶಾಲೆಯಿಂದ

ಮಿತ್ರರೇ,

ಮೈಸೂರಿನ ಕಾರ್ಯಾಗಾರದಲ್ಲಿ ಊಟಕ್ಕೆ ಕುಳಿತಾಗ ನೀವು ಕೇಳಿದ ಪ್ರಶ್ನೆಗೆ ಅಲ್ಲಿ ನೆಟ್ಟಗೆ ಉತ್ತರಿಸಲು ಬಿಡುವಾಗಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡದ ಮಂಗಳೂರಿನವರಿಗೆ ಕನ್ನಡ ಶಾಲೆಯ ಚಿಂತೆ ಏಕಿಷ್ಟು, ನಿಮ್ಮದು ಹೇಗೂ ಪುಸ್ತಕದ ಕನ್ನಡವಲ್ಲವೇ ಎಂದಿರಿ. ಕೇಳಿದ್ದು ಸ್ನೇಹದಿಂದಲೇ ಎಂದು ಬಲ್ಲೆ. ಆದರೂ ಇಡೀ ವೃತ್ತಿಜೀವನವನ್ನು ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ, ಮೊದಲು ಶಿಕ್ಷಕಿಯಾಗಿ, ಬಳಿಕ ಶಿಕ್ಷಕರಿಗೆ ತರಬೇತಿ ಕೊಡುವವಳಾಗಿ ಕಳೆದ ನನಗೆ ಆ ಮಾತು ನೋವು ತಂದಿತು.

ನಮ್ಮ ಕನ್ನಡ ಪುಸ್ತಕದ್ದು ಎಂಬುದು ನಿಜ. ಕುಂದಾಪುರ, ಕೋಟದ ಕಡೆಯವರನ್ನೂ ಹವ್ಯಕರನ್ನೂ ಬಿಟ್ಟರೆ ನಮ್ಮಲ್ಲಿ ಹೆಚ್ಚಿನ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳ. ನಾನು ಕಲಿತ ಶಾಲೆಯ ಒಂದೇ ಬೆಂಚಿನಲ್ಲಿ ಈ ನಾಲ್ಕೂ ಮನೆಗಳ ಮಕ್ಕಳು ಕುಳಿತಿದ್ದೆವು; ಟೀಚರ್ ಆಡುತ್ತಿದ್ದ ಕನ್ನಡವನ್ನು ನಾವೆಲ್ಲರೂ ಒಟ್ಟಿಗೇ ಕಲಿತೆವು, ಆಮೇಲೆ ಕಥೆ ಓದಿದ್ದು, ಅರ್ಜಿ ಬರೆದದ್ದು, ಯಕ್ಷಗಾನದ ಅರ್ಥಗಾರಿಕೆಗೆ ತಲೆದೂಗಿದ್ದು ಎಲ್ಲವೂ ಅದರಲ್ಲೇ. ಇದು ಇಂದು ನಿನ್ನೆಯ ರೂಢಿಯಲ್ಲ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ ತೆರೆದರು, ಮುದ್ರಣಾಲಯ ಸ್ಥಾಪಿಸಿದರು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಮಂಗಳೂರ ಸಮಾಚಾರ ಹೊರಟಿತು, 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ ಬಂದದ್ದು ಬೀದಿಯಲ್ಲಿ ತುಳು ಕೇಳಿಸುವ ಊರಿನಿಂದ. 1956ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದಾಗಲೂ ನಾವು ಕನ್ನಡವನ್ನು ಬಿಟ್ಟುಕೊಡಲಿಲ್ಲ.

ಆದ್ದರಿಂದಲೇ ನನ್ನ ಚಿಂತೆ ನಿಮ್ಮದಕ್ಕಿಂತ ತೀವ್ರವಾಗಿದೆ. ಮೈಸೂರಿನಲ್ಲಿ ಒಂದು ಕನ್ನಡ ಶಾಲೆ ಮುಚ್ಚಿದರೆ ಅಡುಗೆಮನೆಯಲ್ಲಿ, ಮಾರುಕಟ್ಟೆಯಲ್ಲಿ, ಜಗಳದಲ್ಲಿ, ಜೋಗುಳದಲ್ಲಿ ಕನ್ನಡ ಉಳಿದಿರುತ್ತದೆ. ಇಲ್ಲಿ ಶಾಲೆ ಮುಚ್ಚಿದರೆ ಆ ಊರಿನ ಮಕ್ಕಳಿಗೆ ಕನ್ನಡದ ಬಾಗಿಲೇ ಮುಚ್ಚಿದಂತೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋದ ನಮ್ಮ ಮಗು ಮನೆಗೆ ಬಂದು ತುಳು ಆಡುತ್ತದೆ, ಕನ್ನಡವನ್ನು ಒಂದು ಪಾಠವಾಗಿ ಮಾತ್ರ ಬಲ್ಲದು.

ನೀತಿಯ ಇತಿಹಾಸ ನಿಮಗೆ ಗೊತ್ತಿರುವುದೇ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು 1994ರ ಆದೇಶ ಹೇಳಿತ್ತು. ಮಗುವಿನ ಮಾತೃಭಾಷೆ ಯಾವುದೆಂದು ಹೇಳಬೇಕಾದವರು ತಂದೆತಾಯಿ, ಪ್ರಾಥಮಿಕ ಹಂತದಲ್ಲಿ ಅದನ್ನೇ ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ತೀರ್ಪಿತ್ತಿತು. 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ವಿಭಾಗಗಳು ಆರಂಭವಾದವು. ಇಂದು ಅವನ್ನು ದ್ವಿಭಾಷಾ ಮಾಧ್ಯಮ ಎನ್ನುತ್ತೇವೆ. ದ್ವಿಭಾಷಾ ಶಿಕ್ಷಣಕ್ಕೆ ನಾನು ವಿರೋಧಿಯಲ್ಲ. ಚೆನ್ನಾಗಿ ನಡೆಸಿದರೆ ಕನ್ನಡ ಶಾಲೆಯನ್ನು ಉಳಿಸುವ ದಾರಿ ಅದೇ ಎಂದು ಸಭೆಗಳಲ್ಲಿ ವಾದಿಸಿದವಳು ನಾನು. ನನ್ನ ತಕರಾರು ಲೆಕ್ಕದ ಬಗ್ಗೆ. ಎರಡು ಭಾಷೆಗಳ ತರಗತಿ ಎಂದು ಕಾಗದ ಹೇಳುತ್ತದೆ, ಆದರೆ ಒಳಗೆ ಹೋಗಿ ಕುಳಿತರೆ ಅಲ್ಲಿರುವುದು ಮೂರು, ಮತ್ತು ಕಾಗದದಲ್ಲಿ ಇಲ್ಲದ ಆ ಮೂರನೆಯದೇ ಮಗು ಯೋಚಿಸುವ ಭಾಷೆ.

ಉಳ್ಳಾಲದ ಕಡೆಯ ಒಂದು ಎರಡನೆಯ ತರಗತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ವ್ಯವಕಲನದ ಕಥಾಲೆಕ್ಕ. ಟೀಚರ್ ಮೊದಲು ಇಂಗ್ಲಿಷಿನಲ್ಲಿ ಓದಿದರು, ಆಮೇಲೆ ಕನ್ನಡದಲ್ಲಿ. ಹಿಂದಿನ ಸಾಲಿನಲ್ಲಿದ್ದ ಹುಡುಗಿ ಎರಡೂ ಸಲ ಪುಸ್ತಕದ ಚಿತ್ರವನ್ನೇ ನೋಡುತ್ತಾ ಕುಳಿತಳು. ಟೀಚರ್ ಅವಳ ಪಕ್ಕಕ್ಕೆ ಹೋಗಿ ತುಳುವಿನಲ್ಲಿ, ಅಮ್ಮನ ಬುಟ್ಟಿಯಲ್ಲಿ ಹನ್ನೆರಡು ಬಂಗುಡೆ ಇತ್ತು, ಐದು ವ್ಯಾಪಾರವಾಯಿತು, ಇನ್ನೆಷ್ಟಿದೆ ಎಂದು ಕೇಳಿದರು. ಬೆರಳೂ ಮಡಚದೆ ‘ಏಳ್’ ಎಂದಳು. ಮೀನು ಮಾರುವ ತಾಯಿಯ ಜೊತೆ ದಿನವೂ ಚಿಲ್ಲರೆ ಎಣಿಸುವ ಮಗುವಿಗೆ ವ್ಯವಕಲನ ಬರುವುದಿಲ್ಲವೆಂದು ಪರೀಕ್ಷೆಯ ಹಾಳೆ ಹೇಳುತ್ತಿತ್ತು. ಆ ಟೀಚರ್ ಅಲ್ಲಿಗೇ ಬಿಡಲಿಲ್ಲ. ಅದೇ ಲೆಕ್ಕವನ್ನು ಅವಳಿಂದ ಕನ್ನಡದಲ್ಲಿ ಹೇಳಿಸಿದರು, ಮರುದಿನ ಇಂಗ್ಲಿಷಿನಲ್ಲೂ ಹೇಳಿಸಿದರು. ಬಲ್ಲ ಮಾತಿನಿಂದ ಹೊಸ ಮಾತಿಗೆ ಕೈಹಿಡಿದು ನಡೆಸುವ ಈ ಕ್ರಮವೇ ದ್ವಿಭಾಷಾ ಶಿಕ್ಷಣದ ತಿರುಳು ಎಂದು ನಾನು ತರಬೇತಿಯಲ್ಲಿ ಹೇಳುತ್ತಲೇ ಬಂದಿದ್ದೇನೆ. ಆದರೆ ತರಗತಿ ವೀಕ್ಷಣೆಗೆ ಮೇಲಿನವರು ಬಂದ ದಿನ ಅದೇ ಟೀಚರ್ ತುಳುವನ್ನು ನುಂಗಿಕೊಳ್ಳುತ್ತಾರೆ. ವೀಕ್ಷಣೆಯ ನಮೂನೆಯಲ್ಲಿ ಇಂಗ್ಲಿಷ್ ಎಷ್ಟು, ಕನ್ನಡ ಎಷ್ಟು ಎಂದು ಬರೆಯಲು ಜಾಗವಿದೆ. ಉಳಿದದ್ದೆಲ್ಲ ಶಿಸ್ತಿನ ಕೊರತೆಯ ಲೆಕ್ಕಕ್ಕೆ ಹೋಗುತ್ತದೆ.

ಈ ಗೋಜಲು ದಾಖಲಾತಿಯ ದಿನವೇ ಬೇರೂರುತ್ತದೆ. ಅರ್ಜಿಯಲ್ಲಿ ಮಾತೃಭಾಷೆ ಎಂಬ ಕಲಂ ಇದೆ. ಕನ್ನಡ ಎಂದು ಬರೆಸಿದರೆ ಮುಂದೆ ತೊಂದರೆಯಿಲ್ಲವೆಂದು ತಂದೆತಾಯಿ ಭಾವಿಸುತ್ತಾರೆ, ಬರೆದುಕೊಳ್ಳುವವರೂ ಹಾಗೆಯೇ ತುಂಬುತ್ತಾರೆ, ಅದೇ ಮಕ್ಕಳ ವಿವರ ದಾಖಲಿಸುವ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಏರುತ್ತದೆ. ತುಳು ಬಲ್ಲ ಶಿಕ್ಷಕರು ಬೇಕೆಂದು ನಾನು ಒಂದು ಕಚೇರಿಗೆ ಪತ್ರ ಬರೆದಾಗ, ಆ ಶಾಲೆಯಲ್ಲಿ ತುಳು ಮಾತೃಭಾಷೆಯ ಮಕ್ಕಳೇ ದಾಖಲಾಗಿಲ್ಲ ಎಂಬ ಉತ್ತರ ಬಂತು. 2011ರ ಜನಗಣತಿಯಲ್ಲಿ ಹದಿನೆಂಟು ಲಕ್ಷಕ್ಕೂ ಹೆಚ್ಚು ಜನ ತಮ್ಮ ಮಾತು ತುಳು ಎಂದಿದ್ದಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. 1992ರಲ್ಲಿ ಕೊಂಕಣಿ ಸಂವಿಧಾನ ಮಾನ್ಯ ಮಾಡಿದ ಭಾಷೆಗಳ ಪಟ್ಟಿಯಾದ ಎಂಟನೆಯ ಪರಿಚ್ಛೇದ ಸೇರಿತು, ತುಳು ಇನ್ನೂ ಹೊರಗಿದೆ. ಶಾಲೆಯಲ್ಲಿ ಅದಕ್ಕೆ ಸಿಕ್ಕ ಸ್ಥಾನ ಆರನೆಯ ತರಗತಿಯಿಂದ ಐಚ್ಛಿಕ ತೃತೀಯ ಭಾಷೆಯದ್ದು, ಅದನ್ನು ತೆಗೆದುಕೊಂಡರೆ ಹಿಂದಿಯನ್ನು ಬಿಡಬೇಕು. ಹುಟ್ಟಿದಂದಿನಿಂದ ಆಡುವ ಮಾತು ಬೇಕಾಗುವುದು ಒಂದನೆಯ ತರಗತಿಯಲ್ಲಿ. ಅಲ್ಲಿ ಅದನ್ನು ಪಾಠವಾಗಿ ಕಲಿಸಿ ಎಂದೂ ನಾನು ಕೇಳುತ್ತಿಲ್ಲ, ಆಡಲು ಬಿಡಿ ಎನ್ನುತ್ತಿದ್ದೇನೆ.

ತುಳುವಿನ ಪರ ಮಾತಾಡಿದರೆ ಕನ್ನಡಕ್ಕೆ ಅನ್ಯಾಯ ಎನ್ನುವವರು ನಮ್ಮಲ್ಲೂ ಇದ್ದಾರೆ. ಕೇರಳದ ಗಡಿಯ ತಲಪಾಡಿ ದಾಟಿದರೆ ಆ ವಾದ ನಿಲ್ಲುವುದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಇತ್ತ ಬರಬೇಕೆಂದ, ಗಡಿವಿವಾದ ಪರಿಶೀಲಿಸಿದ ಮಹಾಜನ ಆಯೋಗದ 1967ರ ವರದಿ ಜಾರಿಯಾಗಲಿಲ್ಲ. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ಮಕ್ಕಳೂ ಪೋಷಕರೂ ಬೀದಿಗಿಳಿದರು, ನಾವೆಲ್ಲ ಬೆಂಬಲಕ್ಕೆ ನಿಂತೆವು. ಮಗುವಿನ ಮಾತು ಬಲ್ಲವರು ಬೇಕು ಎಂಬ ನ್ಯಾಯ ಕಾಸರಗೋಡಿನ ಮಂಜೇಶ್ವರದಲ್ಲಿ ಸರಿಯಾದರೆ ಉಳ್ಳಾಲದಲ್ಲೂ ಸರಿ. ಇಲ್ಲಿಗೆ ವಿಜಯಪುರ, ಬಾಗಲಕೋಟೆಯಿಂದ ನೇಮಕವಾಗಿ ಬಂದ ಶಿಕ್ಷಕರನ್ನು ನಾನು ದೂರುತ್ತಿಲ್ಲ. ಎಷ್ಟೋ ಮಂದಿ ಒಂದೆರಡು ವರ್ಷಗಳಲ್ಲಿ ಮಕ್ಕಳಿಂದಲೇ ತುಳು ಕಲಿತು, ಇಲ್ಲಿಯವರಿಗಿಂತ ಚೆನ್ನಾಗಿ ಕಲಿಸುತ್ತಾರೆ. ಅವರಿಗೆ ಆರಂಭದಲ್ಲೇ ಒಂದು ಸಣ್ಣ ತುಳು ತರಬೇತಿ ಕೊಡಿ ಎಂಬುದು ನನ್ನ ಹಳೆಯ ಬೇಡಿಕೆ.

ಇನ್ನೊಂದು ಸಂಗತಿ ನಿಮಗೆ ತಿಳಿದಿರಲಾರದು. ಮಂಗಳೂರು ನಗರದ ಕೆಲವು ಸರ್ಕಾರಿ ಕನ್ನಡ ಶಾಲೆಗಳು ಇಂದು ಬಾಗಿಲು ತೆರೆದಿರುವುದು ಕಟ್ಟಡ ಕೆಲಸಕ್ಕೆಂದು ಕೊಪ್ಪಳ, ಗದಗ, ಬಾಗಲಕೋಟೆಗಳಿಂದ ಬಂದ ಕುಟುಂಬಗಳ ಮಕ್ಕಳಿಂದ. ಮನೆಯಲ್ಲಿ ಕನ್ನಡವನ್ನೇ ಆಡುವ ಆ ಮಕ್ಕಳ ಮಾತನ್ನು ನಮ್ಮ ಪುಸ್ತಕದ ಕನ್ನಡದ ಮಕ್ಕಳು ಅಣಕಿಸುವುದನ್ನು ಕೇಳಿ ನನಗೆ ಸಂಕಟವಾಗಿದೆ. ಅವರ ಮನೆಮಾತಿಗೂ ತರಗತಿಯಲ್ಲಿ ಅಷ್ಟೇ ಗೌರವ ಸಿಗಬೇಕು.

ಈ ಸಲದ ದಾಖಲಾತಿಗೆ ಮೊದಲು ನಾವು ಕೆಲವರು ಸೇರಿ ಒಂದು ಮನವಿ ಸಲ್ಲಿಸಿದ್ದೇವೆ: ಅರ್ಜಿಯಲ್ಲಿ ಮನೆಯಲ್ಲಿ ಆಡುವ ಮಾತಿಗೆ ಪ್ರತ್ಯೇಕ ಕಲಂ ಇರಲಿ, ವೀಕ್ಷಣೆಯ ನಮೂನೆಯಲ್ಲಿ ಅದಕ್ಕೊಂದು ಸಾಲು ಇರಲಿ. ಅದರ ಪ್ರತಿಯನ್ನು ಈ ಪತ್ರದೊಂದಿಗೆ ಕಳುಹಿಸುತ್ತಿದ್ದೇನೆ. ಪಠ್ಯಕ್ರಮದ ಸಭೆಗಳಲ್ಲಿ ನಿಮ್ಮ ಮಾತಿಗೆ ತೂಕವಿದೆ. ಓದಿ, ಒಪ್ಪಿಗೆಯಾದರೆ ಮುಂದಿನ ಸಭೆಯಲ್ಲಿ ದಯವಿಟ್ಟು ಪ್ರಸ್ತಾಪಿಸಿ.