ಗೋಡೆಗೆ ಕೆಂಪು ಗೆರೆ ಎಳೆದರೆ ಜಾಗ ಪುರಸಭೆಯದ್ದಾಗುತ್ತಾ?

ಪುರಸಭೆಯವರು ರಸ್ತೆ ಅಗಲ ಮಾಡೋಕೆ ನಿಮ್ಮ ಮನೆ ಗೋಡೆಗೆ ಕೆಂಪು ಗುರುತು ಹಾಕಿ, 7 ಅಡಿ ನೀವೇ ಒಡೆದುಕೊಡಿ ಎಂದು ಬಾಯಲ್ಲಿ ಹೇಳಿ ಹೋಗಿದ್ದಾರೆ. ನೋಟಿಸ್ ಇಲ್ಲ. ಹೀಗೆ ತಗೊಳ್ಳಬಹುದಾ, ದುಡ್ಡು ಸಿಗುತ್ತಾ ಅಂತ ಕೇಳಿದ್ದೀರಿ.

ನಾನು ವಕೀಲನಲ್ಲ. ನಮ್ಮಪ್ಪನ ಅಂಗಡಿಗೂ ಇದೇ ಬಣ್ಣ ಬಿದ್ದಿತ್ತು. ಮೂರು ವರ್ಷ ಕಚೇರಿ ಅಲೆದು ಕಲಿತದ್ದನ್ನು ಹೇಳುತ್ತೇನೆ.

ಬಣ್ಣ ಬರೀ ಬಣ್ಣ. ಆಸ್ತಿ ಹಕ್ಕು 1978ರ ತಿದ್ದುಪಡಿಯಲ್ಲಿ ಮೂಲಭೂತ ಹಕ್ಕುಗಳಿಂದ ಹೊರಗೆ ಹೋಯಿತು, ನಿಜ. ಆದರೆ ಸಂವಿಧಾನದ 300ಎ ವಿಧಿಯಲ್ಲಿ ಇನ್ನೂ ಇದೆ. ಕಾನೂನು ಬಿಟ್ಟು ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವ ಹಾಗಿಲ್ಲ. ಕೋಲ್ಕತ್ತಾ ಪಾಲಿಕೆ ಪಾರ್ಕಿಗೆಂದು ಒಬ್ಬರ ಜಾಗವನ್ನು ತನ್ನದಾಗಿಸಿಕೊಳ್ಳಲು ಹೋಗಿತ್ತು. 2024ರಲ್ಲಿ ಸುಪ್ರೀಂ ಕೋರ್ಟ್, ನೀವು ತೋರಿಸುತ್ತಿರುವ ಕಲಮಿನಲ್ಲಿ ಸ್ವಾಧೀನದ ಅಧಿಕಾರವೇ ಇಲ್ಲ ಎಂದಿತು. ನೋಟಿಸ್ ಕೊಡಬೇಕು, ತಕರಾರು ಕೇಳಬೇಕು, ಕಾರಣ ಬರೆದು ತೀರ್ಮಾನಿಸಬೇಕು, ನ್ಯಾಯವಾದ ಪರಿಹಾರ ಕೊಡಬೇಕು ಅಂತ ಒಂದೊಂದಾಗಿ ಬಿಡಿಸಿ ಹೇಳಿ, ಪಾಲಿಕೆಗೆ 5 ಲಕ್ಷ ರೂಪಾಯಿ ಖರ್ಚನ್ನೂ ಹಾಕಿತು.

ಆದರೆ ಜಗಳಕ್ಕೆ ಹೋಗುವ ಮೊದಲು ಟೇಪು ಹಿಡಿಯಿರಿ. ಕ್ರಯಪತ್ರದ ಚೆಕ್ಕುಬಂದಿ, ಖಾತೆಯ ಅಳತೆ ಎರಡನ್ನೂ ಮುಂದಿಟ್ಟುಕೊಳ್ಳಿ. ನಮಗೆ 6 ಅಡಿ ಗುರುತು ಹಾಕಿದ್ದರು. ಸರ್ವೆಯರ್ ಹಿಂದಿನ ಗೋಡೆಯಿಂದ ಅಳೆಯುತ್ತಾ ಬಂದರು. ಪತ್ರದಲ್ಲಿ ಉದ್ದ 40 ಅಡಿ. ಟೇಪು ಷಟರಿನ ಹತ್ತಿರವೇ 40 ತೋರಿಸಿಬಿಟ್ಟಿತು. ಅದರಾಚೆಗಿದ್ದ ಎರಡು ಅಡಿ ಜಗಲಿ ರಸ್ತೆಯದ್ದು! ತಾತನ ಕಾಲದಿಂದ ಅದರ ಮೇಲೆ ಕೂತು ವ್ಯಾಪಾರ ಮಾಡಿದ್ದೆವು. ಅಪ್ಪ ಏನೂ ಮಾತಾಡಲಿಲ್ಲ. ಜಗಲಿ ಮೇಲಿದ್ದ ಬೆಲ್ಲದ ಪೆಟ್ಟಿಗೆ ಎತ್ತಿ ಒಳಗಿಟ್ಟರು. ಒತ್ತುವರಿಗೆ ಪರಿಹಾರ ಇಲ್ಲ. ಉಳಿದ 4 ಅಡಿಗೆ ಮಾತ್ರ ನಾವು ಹೋರಾಡಿದ್ದು.

ಜಾಗ ನಿಮ್ಮದೇ ಆಗಿದ್ದರೆ ಅವರಿಗೆ ಇರುವ ದಾರಿ ಕೆಲವೇ. ಮಾತಾಡಿ ಕೊಂಡುಕೊಳ್ಳಬಹುದು. ದುಡ್ಡಿನ ಬದಲು ಅಭಿವೃದ್ಧಿ ಹಕ್ಕಿನ ಪ್ರಮಾಣಪತ್ರ, ಅಂದರೆ ಟಿಡಿಆರ್, ಕೊಡಬಹುದು; ಬೇರೆ ಕಡೆ ಹೆಚ್ಚು ಕಟ್ಟಿಕೊಳ್ಳುವ ಹಕ್ಕಿನ ಕಾಗದ ಅದು, ಬೇಕಾದವರಿಗೆ ಮಾರಲೂಬಹುದು. ಇದು ಬೆಂಗಳೂರಲ್ಲಿ ಸರಿ. ಸಣ್ಣ ಪೇಟೆಯಲ್ಲಿ ಆ ಕಾಗದವನ್ನು ಕೊಳ್ಳೋರು ಯಾರು? ಎರಡೂ ಆಗದಿದ್ದರೆ 2013ರ ಭೂಸ್ವಾಧೀನ ಕಾಯ್ದೆ. ಆಗ ಮೊದಲು ಪ್ರಾಥಮಿಕ ಅಧಿಸೂಚನೆ, ತಕರಾರಿಗೆ 60 ದಿನ, ಆಮೇಲೆ ಅಂತಿಮ ಘೋಷಣೆ, ಅದಾದ 12 ತಿಂಗಳೊಳಗೆ ಪರಿಹಾರದ ಐತೀರ್ಪು, ಅಂದರೆ ಎಷ್ಟು ದುಡ್ಡು ಅಂತ ಅಧಿಕಾರಿ ಹೊರಡಿಸುವ ಆದೇಶ.

ಬೆಲೆ ಕಟ್ಟುವ ಕಡೆ ನಮ್ಮ ಪೇಟೆಯವರೆಲ್ಲ ಸಿಕ್ಕಿಬಿದ್ದರು. ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ನೋಡುತ್ತಾರೆ. ಹಿಂದಿನ ಮೂರು ವರ್ಷ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ತಗೊಂಡು ಸರಾಸರಿ ಹಾಕುತ್ತಾರೆ. ಯಾವುದು ಹೆಚ್ಚೋ ಅದು. ಕಟ್ಟಡದ ಬೆಲೆ ಸೇರಿಸಿ, ಅದರ ಮೇಲೆ ಶೇ. 100 ಸಾಂತ್ವನ ಹಣ, ಅಂದರೆ ಬಲವಂತವಾಗಿ ತಗೊಂಡದ್ದಕ್ಕೆ ಅಷ್ಟೇ ಹಣ ಮತ್ತೆ. ಹಳ್ಳಿಯಾದರೆ ಜಮೀನಿನ ಬೆಲೆಗೆ 1ರಿಂದ 2ರವರೆಗಿನ ಗುಣಕವೂ ಇದೆ, ಪೇಟೆಗೆ ಇಲ್ಲ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ನಮ್ಮ ಬೀದಿಯಲ್ಲಿ ಚದರಡಿಗೆ 5,000 ಕೊಟ್ಟು ಕೊಂಡವರೂ ಸ್ಟ್ಯಾಂಪ್ ದುಡ್ಡು ಉಳಿಸಲು ಪತ್ರದಲ್ಲಿ 2,000 ಬರೆಸಿದ್ದರು. ದುಪ್ಪಟ್ಟು ಮಾಡಿದರೂ 4,000 ಆಯಿತು. ಕೊಟ್ಟಿದ್ದೇ 5,000 ಅಂತ ಬಾಯಿಬಿಟ್ಟು ಹೇಳೋ ಹಾಗೂ ಇಲ್ಲ.

ಇನ್ನೊಂದು. "ಒಂದು ಸಹಿ ಹಾಕಿ ಸಾರ್, ಫಾರ್ಮಾಲಿಟಿ" ಅಂತ ಒಪ್ಪಿಗೆ ಪತ್ರ ತರುತ್ತಾರೆ. ಅದರಲ್ಲಿ "ಸ್ವಂತ ಇಚ್ಛೆಯಿಂದ ಉಚಿತವಾಗಿ" ಎಂಬ ಮಾತಿದೆಯಾ ನೋಡಿ. ನಮ್ಮ ಎದುರು ಸಾಲಿನವರು ಓದದೆ ಹಾಕಿದರು. ಐತೀರ್ಪಿನ ಹಣ ಕಮ್ಮಿ ಅನ್ನಿಸಿದರೆ ಆಕ್ಷೇಪಣೆ ಬರೆದೇ ಹಣ ತಗೊಳ್ಳಿ. ಹೆಚ್ಚಿಸಿ ಎಂದು ಕೇಳಲು, ಐತೀರ್ಪಿನ ದಿನ ನೀವು ಹಾಜರಿದ್ದರೆ, 6 ವಾರ ಮಾತ್ರ ಟೈಮು. ಆಗ ವಕೀಲರು ಬೇಕೇ ಬೇಕು.

ಸದ್ಯಕ್ಕೆ ಒಡೆಯಬೇಡಿ. ಯಾವ ಕಾಯ್ದೆಯಡಿ, ಯಾವ ನಕ್ಷೆ ಪ್ರಕಾರ ಗುರುತು ಹಾಕಿದ್ದೀರಿ ಅಂತ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ನಿಮ್ಮ ಪ್ರತಿಗೆ ಕಚೇರಿಯ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಳ್ಳಿ. ಅಳತೆ ಮಾಡಿ ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಮುಂದಿನದು ಅದನ್ನು ನೋಡಿ ಹೇಳುತ್ತೇನೆ.